ಏಳು ತಟ್ಟೆ, ಒಂದು ಹಾಡು

"ಅಲ್ಲಾ, ಒಂದು ಹಾಡು ಕೇಳುವುದಕ್ಕೆ ಏಳು ತಟ್ಟೆ ಏಕೆ ಬೇಕು?"

ಹೀಗೆ ಕೇಳಿದವಳು ನನ್ನ ಮಡದಿ. ಕಾಲ, ಭಾನುವಾರದ ಅಪರಾಹ್ನ. ಅವಳ ಧ್ವನಿಯಲ್ಲಿ ಕೋಪವಿದ್ದಿದ್ದರೆ ನಾನು ಸುಮ್ಮನಿದ್ದುಬಿಡುತ್ತಿದ್ದೆ. ಗೃಹಸ್ಥಾಶ್ರಮದಲ್ಲಿ ಎಂಟು ವರ್ಷ ಕಳೆದವನಿಗೆ ಅಷ್ಟು ವಿವೇಕ ಬಂದಿರುತ್ತದೆ. ಆದರೆ ಅಲ್ಲಿದ್ದುದು ಶುದ್ಧವಾದ ಕುತೂಹಲ. ಕೋಪಕ್ಕೆ ಮೌನ ಉತ್ತರವಾದೀತು, ಕುತೂಹಲಕ್ಕೆ ಆಗಲಾರದು. ಏನೋ ಹೇಳಲೆಂದು ಬಾಯಿ ತೆರೆದೆ. ಹೇಳಬೇಕಾದುದು ಏನೆಂಬುದು ನನಗೇ ಸ್ಪಷ್ಟವಾಗಿಲ್ಲವೆಂದು ಆಗ ತಿಳಿಯಿತು. ಈ ಬರಹ ಆ ಪ್ರಶ್ನೆಗೆ ನಾನು ತಡವಾಗಿ ಹೇಳುತ್ತಿರುವ ಉತ್ತರ.

ತಟ್ಟೆಗಳು ನನ್ನವಲ್ಲ, ಮೈಸೂರಿನಲ್ಲಿ ನಮ್ಮ ಎದುರು ಮನೆಯಲ್ಲಿರುವ ರಾಯರವು. ರಾಯರು ಬ್ಯಾಂಕಿನ ಕೆಲಸದಲ್ಲಿ ಬಹುಕಾಲ ಮುಂಬಯಿಯಲ್ಲಿದ್ದು, ನಿವೃತ್ತರಾದ ಮೇಲೆ ಊರಿಗೆ ಬಂದು ನೆಲೆಸಿದವರು. ಬರುವಾಗ ಅವರು ತಂದ ಸಾಮಾನಿನಲ್ಲಿ ಹೆಚ್ಚಿನ ಭಾಗ ಗ್ರಾಮಾಫೋನಿನ ದೊಡ್ಡ ಕರಿಯ ತಟ್ಟೆಗಳೇ. ಅವುಗಳ ಜೊತೆಗೆ, ಹೊರದೇಶದಲ್ಲಿರುವ ಮಗಳು ವರ್ಷವರ್ಷವೂ ಕಳುಹಿಸಿದ ಪುಟ್ಟ ಬೆಳ್ಳಿಬಣ್ಣದ ತಟ್ಟೆಗಳು. ಪಾಶ್ಚಾತ್ಯ ಸಂಗೀತವೆಂದರೆ ರಾಯರಿಗೆ ಪ್ರಾಣ. ನನಗೋ, ಅದು ಸಿನಿಮಾದಲ್ಲಿ ನಾಯಕಿ ಮೆಟ್ಟಿಲಿಳಿದು ಬರುವಾಗ ಹಿಂದಿನಿಂದ ಕೇಳುವ ಪಿಟೀಲಿನ ಗದ್ದಲ. ಇಷ್ಟು ಅಂತರವಿದ್ದರೂ ನಮ್ಮಿಬ್ಬರಿಗೂ ಸ್ನೇಹ ಬೆಳೆಯಿತು. ಅದಕ್ಕೆ ಮುಖ್ಯ ಕಾರಣ ಅವರ ಮನೆಯ ಕಾಫಿ.

ಈ ಸಂಗೀತದಲ್ಲಿ ನೂರು ಜನ ಒಟ್ಟಿಗೆ ನುಡಿಸುವಾಗ ಅವರೆದುರಿಗೆ ನಿಂತು, ಕೈಯಲ್ಲೊಂದು ಕಡ್ಡಿ ಹಿಡಿದು, ತಾನು ಒಂದು ಸ್ವರವನ್ನೂ ನುಡಿಸದೆ ಎಲ್ಲರನ್ನೂ ನಡೆಸುವ ಒಬ್ಬ ಮನುಷ್ಯನಿರುತ್ತಾನೆ. ಆತ ಕಂಡಕ್ಟರ್. ಒಮ್ಮೆ ನಾನು ಫೋನಿನಲ್ಲಿ ರಾಯರನ್ನು "ಆ ಕಂಡಕ್ಟರ್ ಹೆಸರೇನು ಅಂದಿರಿ?" ಎಂದು ಕೇಳುತ್ತಿದ್ದುದು ನನ್ನ ತಾಯಿಯ ಕಿವಿಗೆ ಬಿತ್ತು. "ಏನೋ, ಚಿಲ್ಲರೆ ಕೊಡದೆ ಹೋದನೇನೋ?" ಎಂದರು. ಕನ್ನಡದಲ್ಲಿ 'ನಿರ್ವಾಹಕ' ಎಂದರೂ ಚಿಲ್ಲರೆಯ ಅನುಮಾನ ತಪ್ಪುವುದಿಲ್ಲ. ಆದ್ದರಿಂದ ಇಲ್ಲಿ ಆತನನ್ನು ವೃಂದನಾಯಕ ಎನ್ನುತ್ತೇನೆ.

ಇನ್ನು ನನ್ನ ತಪ್ಪಿನ ಕಥೆ. ಅದನ್ನು ಹೇಳದೆ ತಟ್ಟೆಗಳ ಕಥೆ ಅರ್ಥವಾಗುವುದಿಲ್ಲ.

ನಾನು ಕಾಲೇಜಿನಲ್ಲಿ ಐಚ್ಛಿಕ ಕನ್ನಡದ ತರಗತಿಗೆ ರನ್ನನ 'ಗದಾಯುದ್ಧ'ವನ್ನು ಪಾಠ ಹೇಳುತ್ತೇನೆ. ಹೇಳತೊಡಗಿ ಹತ್ತು ವರ್ಷವಾಯಿತು. ಕುರುಕ್ಷೇತ್ರದಲ್ಲಿ ಎಲ್ಲರೂ ಅಳಿದ ಮೇಲೆ ದುರ್ಯೋಧನ ಸಂಜಯನೊಡನೆ ಆ ರಣಭೂಮಿಯಲ್ಲಿ ನಡೆದು ಬರುತ್ತಾನೆ. ದಾರಿಯಲ್ಲಿ ಒಬ್ಬೊಬ್ಬರ ಕಳೇಬರ. ಕೊನೆಗೆ ಕರ್ಣನದು. ಅಲ್ಲಿ ಅವನು ಆಡುವ ಪದ್ಯಗಳನ್ನು ನನ್ನ ಗುರುಗಳು ತರಗತಿಯಲ್ಲಿ ಸಿಂಹದಂತೆ ಗರ್ಜಿಸಿ ಓದುತ್ತಿದ್ದರು. ಕಿಟಕಿಯ ಗಾಜು ನಡುಗುತ್ತಿತ್ತು. ನಾನು ಕನ್ನಡ ಎಂ.ಎ. ಓದಿದ್ದೇ ಆ ಧ್ವನಿಯ ಮೋಹದಿಂದ ಎಂದರೂ ತಪ್ಪಿಲ್ಲ. ನಾನೂ ಹಾಗೆಯೇ ಓದುತ್ತ ಬಂದೆ. ಗುರುಗಳ ಶಾರೀರ ನನಗಿಲ್ಲ. ಆದರೂ ಧಾಟಿ ಅವರದೇ.

ಕಳೆದ ಮಳೆಗಾಲದಲ್ಲಿ ಒಂದು ದಿನ ಗಂಟಲು ಕಟ್ಟಿದ್ದರಿಂದ, ಹಿಂದಿನ ಬೆಂಚಿನ ಒಬ್ಬ ವಿದ್ಯಾರ್ಥಿನಿಯನ್ನು ಎಬ್ಬಿಸಿ ಆ ಪದ್ಯಗಳನ್ನು ಓದಲು ಹೇಳಿದೆ. ಅವಳು ಓದಿದಳು. ಬಲು ನಿಧಾನವಾಗಿ, ಮೆಲ್ಲಗೆ, ಒಂದೊಂದು ಪದದ ಬಳಿಯೂ ನಿಂತು, ಕತ್ತಲೆಯ ಮನೆಯಲ್ಲಿ ಗೋಡೆ ಹಿಡಿದು ನಡೆಯುವವಳಂತೆ ಓದಿದಳು. ನಾನು ತಡೆದೆ. "ಇದು ವೀರಕಾವ್ಯ, ತಾಯಿ. ಇಲ್ಲಿ ಮಾತಾಡುತ್ತಿರುವವನು ಚಕ್ರವರ್ತಿ. ಗೋಳಿಡುವವರ ಹಾಗೆ ಓದಬಾರದು, ಕುಳಿತುಕೊ" ಎಂದೆ. ತರಗತಿ ನಕ್ಕಿತು. ಅವಳು ಕುಳಿತಳು. ಕಟ್ಟಿದ ಗಂಟಲಿನಲ್ಲಿಯೇ ನಾನು ಗರ್ಜಿಸಿದೆ.

ಆ ಸಂಜೆ ಕಾಫಿ ಕುಡಿಯುತ್ತ ಇದನ್ನು ರಾಯರಿಗೆ ವಿನೋದವಾಗಿ ಹೇಳಿದೆ. ರಾಯರು ನಗಲಿಲ್ಲ. "ಮೇಷ್ಟ್ರೇ, ಆ ಹುಡುಗಿ ತಪ್ಪು ಓದಿದಳೋ, ಬೇರೆ ಓದಿದಳೋ?" ಎಂದು ಕೇಳಿದರು. ನಾನು ಉತ್ತರ ಹುಡುಕುತ್ತಿರುವಾಗಲೇ ಎದ್ದು ಹೋಗಿ ಏಳು ತಟ್ಟೆಗಳನ್ನು ಆರಿಸಿ ತಂದು ನನ್ನ ಮಡಿಲಲ್ಲಿಟ್ಟರು. "ಇವೆಲ್ಲ ಒಂದೇ ಕೃತಿ. ಮನೆಗೆ ಒಯ್ದು ಕೇಳಿ. ಆಮೇಲೆ ಆ ಹುಡುಗಿಯ ವಿಷಯ ಮಾತಾಡೋಣ" ಎಂದರು. ತಟ್ಟೆ ತಿರುಗಿಸುವ ಯಂತ್ರವನ್ನೂ ಅವರ ಕೆಲಸದ ಹುಡುಗ ಹಿಂದೆಯೇ ಹೊತ್ತು ತಂದ.

ಆ ಕೃತಿ ಯೋಹಾನ್ನೆಸ್ ಬ್ರಾಮ್ಸ್ ಎಂಬ ಜರ್ಮನ್ ಸಂಗೀತಗಾರನ ನಾಲ್ಕನೆಯ ಸಿಂಫನಿ. ಆತನ ಕೊನೆಯ ಸಿಂಫನಿ. ಆಸ್ಟ್ರಿಯದ ಬೆಟ್ಟಸೀಮೆಯ ಮ್ಯೂರ್ತ್ಸುಶ್ಲಾಗ್ ಎಂಬ ಊರಿನಲ್ಲಿ, 1884 ಮತ್ತು 1885ರ ಬೇಸಿಗೆಗಳಲ್ಲಿ ಅದನ್ನು ರಚಿಸಿದ. ಆ ಊರಿನ ಚಳಿಗೆ ಚೆರ್ರಿ ಹಣ್ಣು ತಿನ್ನುವಷ್ಟು ಸಿಹಿಯಾಗುವುದೇ ಇಲ್ಲ, ತನ್ನ ಸಂಗೀತಕ್ಕೂ ಆ ಹುಳಿ ಅಂಟಿರಬಹುದು ಎಂದು ಆತ ಸ್ನೇಹಿತರಿಗೆ ಬರೆದನಂತೆ. ಅಂಜಿಕೆ ಸುಳ್ಳಾಗಲಿಲ್ಲ. ವಿಯೆನ್ನಾದಲ್ಲಿ ಎರಡು ಪಿಯಾನೋಗಳ ಮೇಲೆ ಮೊದಲ ಬಾರಿ ಸ್ನೇಹಿತರಿಗೆ ನುಡಿಸಿ ತೋರಿಸಿದಾಗ, ಆತನ ಪರಮಾಭಿಮಾನಿಯಾದ ಹಾನ್ಸ್ಲಿಕ್ ಎಂಬ ವಿಮರ್ಶಕನೇ, ಇಬ್ಬರು ಮಹಾಬುದ್ಧಿವಂತರು ಸೇರಿ ನನ್ನನ್ನು ಥಳಿಸಿದಂತಾಯಿತು ಎಂಬರ್ಥದ ಮಾತಾಡಿದ. ಬ್ರಾಮ್ಸ್ ಕೃತಿಯನ್ನು ಕೈಬಿಡಲಿಲ್ಲ. 1885ರ ಅಕ್ಟೋಬರ್ 25ರಂದು ಮೈನಿಂಗನ್ ಎಂಬ ಚಿಕ್ಕ ಸಂಸ್ಥಾನದ ಆಸ್ಥಾನವೃಂದದ ಮುಂದೆ ತಾನೇ ನಿಂತು ಅದನ್ನು ನಡೆಸಿಕೊಟ್ಟ. ಆಗ ಆತನಿಗೆ 52 ವರ್ಷ.

ಸಿಂಫನಿ ಎಂದರೆ ಮಾತಿಲ್ಲದ ಕಾವ್ಯ. ಇದರಲ್ಲಿ ನಾಲ್ಕು ಆಶ್ವಾಸಗಳುಂಟು. ನುಡಿಸಲು ಒಟ್ಟು ನಲವತ್ತು ನಿಮಿಷ, ಸ್ವಲ್ಪ ಹೆಚ್ಚು ಕಡಮೆ. ಮೊದಲನೆಯದು ಪಿಟೀಲುಗಳ ನಿಟ್ಟುಸಿರಿನಂಥ ಒಂದು ರಾಗದಿಂದ ತೊಡಗುತ್ತದೆ: ಎರಡು ಸ್ವರ ಇಳಿಯುತ್ತದೆ, ಎರಡು ಸ್ವರ ಏರುತ್ತದೆ, ಮತ್ತೆ ಇಳಿಯುತ್ತದೆ. ಎರಡನೆಯದು ಸಂಜೆಯ ಗಾಂಭೀರ್ಯ. ಮೂರನೆಯದು ಜಾತ್ರೆಯ ಗದ್ದಲ. ನಾಲ್ಕನೆಯದೇ ಇದರ ಪ್ರಾಣ. ಟ್ರಾಂಬೋನ್ ಎಂಬ ದೊಡ್ಡ ಕಹಳೆಗಳನ್ನು ಮೂವರು ಹಿಡಿದುಕೊಂಡು ಮೊದಲ ಮೂರು ಭಾಗಗಳುದ್ದಕ್ಕೂ ಸುಮ್ಮನೆ ಕುಳಿತಿರುತ್ತಾರೆ. ನಾಲ್ಕನೆಯದರ ಮೊದಲ ಕ್ಷಣದಲ್ಲಿ ಅವರ ಬಾಯಿ ತೆರೆಯುತ್ತದೆ. ಎಂಟು ಸ್ವರಗಳ ಒಂದು ಸಾಲು, ಆರು ಮೆಟ್ಟಿಲು ಏರಿ ಮತ್ತೆ ಮನೆಗೆ ಇಳಿಯುವಂಥದು, ಆಗ ಮೊಳಗುತ್ತದೆ. ಬ್ರಾಮ್ಸ್ ಆ ಸಾಲನ್ನು ತನಗಿಂತ ನೂರೈವತ್ತು ವರ್ಷಕ್ಕೂ ಹಿಂದಿನ ಬಾಖ್‌ನ ಒಂದು ಭಕ್ತಿಗೀತದಿಂದ ಎತ್ತಿಕೊಂಡು, ನಡುವೆ ಒಂದು ಸ್ವರ ಸೇರಿಸಿದ. ಅನಂತರ ಅದೇ ಎಂಟು ಸ್ವರದ ಚೌಕಟ್ಟಿನಲ್ಲಿ ಮೂವತ್ತು ಸಲ, ಮೂವತ್ತು ರೂಪ. ಪಲ್ಲವಿಯೊಂದಕ್ಕೆ ಸಂಗತಿಯ ಮೇಲೆ ಸಂಗತಿ ಹಾಕುವ ನಮ್ಮ ಗಾಯಕರನ್ನು ಕೇಳಿದವರಿಗೆ ಇದು ತೀರ ಅಪರಿಚಿತವಾಗಿ ತೋರದು. ನಡುವೆ ಹನ್ನೆರಡನೆಯ ರೂಪದಲ್ಲಿ ಎಲ್ಲ ಆರ್ಭಟವೂ ಅಡಗಿ, ಒಂದು ಕೊಳಲು ಮಾತ್ರ ಒಂಟಿಯಾಗಿ ಮಾತಾಡುತ್ತದೆ. ನೂರು ಜನರ ನಡುವೆ ಒಬ್ಬನು ತನ್ನ ದುಃಖವನ್ನು ತನಗೇ ಹೇಳಿಕೊಂಡಂತೆ.

ಇದೆಲ್ಲವನ್ನೂ ಬ್ರಾಮ್ಸ್ ಕಾಗದದ ಮೇಲೆ ಬರೆದಿಟ್ಟಿದ್ದಾನೆ. ಸ್ವರ ಬರೆದಿದ್ದಾನೆ, ತಾಳ ಬರೆದಿದ್ದಾನೆ, ಎಲ್ಲಿ ಗಟ್ಟಿ, ಎಲ್ಲಿ ಮೆಲ್ಲಗೆ ಎಂಬುದನ್ನೂ ಬರೆದಿದ್ದಾನೆ. ಹಾಗಾದರೆ ಏಳು ತಟ್ಟೆಯೂ ಒಂದೇ ಆಗಿರಬೇಕಲ್ಲ? ಕೇಳುವ ಮುನ್ನ ನಾನೂ ಹಾಗೆಯೇ ಭಾವಿಸಿದ್ದೆ. ಆದರೆ ಮೊದಲ ಭಾಗದ ವೇಗವನ್ನು ಕುರಿತು ಆತ ಬರೆದಿರುವುದು ಮೂರೇ ಇಟಾಲಿಯನ್ ಮಾತು: ಅಲೆಗ್ರೊ ನಾನ್ ಟ್ರೊಪ್ಪೊ. 'ಚುರುಕಾಗಿ, ಆದರೆ ಅತಿಯಾಗಿ ಅಲ್ಲ'. ಎಷ್ಟಾದರೆ ಅತಿ? ನನ್ನ ತಾಯಿ ಯಾವ ಅಡಿಗೆ ಹೇಳಿಕೊಟ್ಟರೂ ಕೊನೆಯಲ್ಲಿ 'ರುಚಿಗೆ ತಕ್ಕಷ್ಟು ಉಪ್ಪು' ಎನ್ನುತ್ತಾರೆ. ಆ ಉಪ್ಪಿನ ಅಳತೆಯಲ್ಲಿಯೇ ಒಂದು ಮನೆಯ ಸಾರಿಗೂ ಇನ್ನೊಂದು ಮನೆಯ ಸಾರಿಗೂ ವ್ಯತ್ಯಾಸ. ಇಲ್ಲಿಯೂ ಅದೇ ಕಥೆ.

ಮೊದಲ ತಟ್ಟೆ ಫೆಲಿಕ್ಸ್ ವೈನ್‌ಗಾರ್ಟ್ನರ್ 1938ರಲ್ಲಿ ಲಂಡನ್ನಿನ ಸಿಂಫನಿ ವೃಂದದಿಂದ ನುಡಿಸಿದ್ದು. ಒಂದು ಮುಖಕ್ಕೆ ನಾಲ್ಕು ನಿಮಿಷವಷ್ಟೇ ಹಿಡಿಯುತ್ತಿದ್ದ ಕಾಲದ ಮುದ್ರಣ. ಈಗ ಅದನ್ನು ಜೋಡಿಸಿ ಬೆಳ್ಳಿತಟ್ಟೆಗೆ ಇಳಿಸಿದ್ದಾರೆ. ಈತನ ಹೆಚ್ಚುಗಾರಿಕೆಯೆಂದರೆ, ಈತ ಬ್ರಾಮ್ಸ್‌ನನ್ನು ಕಂಡವನು. 1895ರಲ್ಲಿ ವಿಯೆನ್ನಾದಲ್ಲಿ ಈತ ಎರಡನೆಯ ಸಿಂಫನಿಯನ್ನು ನಡೆಸಿದಾಗ ಬ್ರಾಮ್ಸ್ ಕೇಳಿ ಮೆಚ್ಚಿದ್ದ. ಕರ್ತೃವೇ ಮೆಚ್ಚಿದವನ ಕೈಯ ಕೆಲಸವೆಂದರೆ ಎಂಥ ಭಾವಾವೇಶವಿದ್ದೀತೋ ಎಂದು ನಾನು ಕಾದೆ. ಏನೂ ಇಲ್ಲ! ನೇರವಾದ ನಡಿಗೆ, ಎಲ್ಲಿಯೂ ನಿಂತು ಹಿಂದಿರುಗಿ ನೋಡುವುದಿಲ್ಲ, ಕಣ್ಣೀರು ಒರೆಸಿಕೊಳ್ಳುವುದಿಲ್ಲ. ದುಃಖದ ವಾರ್ತೆಯನ್ನು ತಲೆ ತಗ್ಗಿಸದೆ ಹೇಳಿ ಹೊರಟುಹೋಗುವ ಹಿರಿಯರೊಬ್ಬರನ್ನು ನೋಡಿದಂತಾಯಿತು.

ಎರಡನೆಯದು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ ನಡೆಸಿದ್ದು. ಸ್ಥಳ ಬರ್ಲಿನ್, ಕಾಲ 1943ರ ಡಿಸೆಂಬರ್. ನಾಟ್ಸಿಗಳ ಆಳ್ವಿಕೆ, ಊರಿನ ಮೇಲೆ ಬಾಂಬುಗಳು ಬೀಳುತ್ತಿದ್ದ ಕಾಲ. ಕಛೇರಿ ನಡೆದ ಆ ಫಿಲ್ಹಾರ್ಮನಿ ಮಂದಿರವೇ ಮುಂದಿನ ಜನವರಿ 30ರಂದು ಬಾಂಬಿಗೆ ಬಲಿಯಾಯಿತು. ರೇಡಿಯೋದವರು ನಾಡಸುರುಳಿಯ ಮೇಲೆ ಹಿಡಿದಿಟ್ಟದ್ದರಿಂದ ನಾದ ಮಾತ್ರ ಉಳಿಯಿತು. ಇಲ್ಲಿ ಮೊದಲ ಸ್ವರ ಆರಂಭವಾಗುವುದೇ ತಿಳಿಯುವುದಿಲ್ಲ. ಮೌನದೊಳಗಿಂದ ಮಂಜಿನ ಹಾಗೆ ಏಳುತ್ತದೆ, ಒಂದು ಗಳಿಗೆ ಅಲ್ಲಿಯೇ ತೂಗುತ್ತದೆ, ಆಮೇಲೆ ಇಳಿಯುತ್ತದೆ. ಅದೇ ಭಾಗದ ಕೊನೆಗೆ ಬರುವ ಹೊತ್ತಿಗೆ ವೇಗ ಹುಚ್ಚೆದ್ದ ಹೊಳೆಯಂತೆ ಏರಿ ದಡವನ್ನು ಕೊಚ್ಚಿಕೊಂಡು ಹೋಗುತ್ತದೆ. ಬ್ರಾಮ್ಸ್ ಬರೆದ ಕಾಗದದಲ್ಲಿ ಈ ಹುಚ್ಚುಹೊಳೆಗೆ ಅಪ್ಪಣೆಯಿಲ್ಲ ಎನ್ನುವವರುಂಟು. ಇರಬಹುದು. ಆದರೆ ಆ ತಟ್ಟೆಯನ್ನು ಕೇಳಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಆಗ ಅಲ್ಲಿ ಕುಳಿತು ಕೇಳಿದವರಲ್ಲಿ ಎಷ್ಟು ಜನ ಮುಂದಿನ ಚಳಿಗಾಲವನ್ನು ಕಂಡರೋ ಎಂಬ ಯೋಚನೆ. ಇಂಥ ಸಂಗೀತವನ್ನು ಕೇಳಿಯೂ ಮನುಷ್ಯ ಅಷ್ಟು ಕ್ರೂರನಾಗಿರಬಲ್ಲನೆ ಎಂಬ ಇನ್ನೊಂದು, ಅದಕ್ಕಿಂತ ಕಹಿಯಾದ ಯೋಚನೆ.

ಮೂರನೆಯ ತಟ್ಟೆಯ ಹೊದಿಕೆಯ ಮೇಲೆ ರಾಯರು ಪೆನ್ಸಿಲಿನಲ್ಲಿ 'ನಮ್ಮೂರಿನ ನೆಂಟಸ್ತಿಕೆ' ಎಂದು ಬರೆದಿದ್ದರು. ಇದು ಆರ್ತೂರೊ ಟೊಸ್ಕನೀನಿ ತನ್ನ 85ನೆಯ ವಯಸ್ಸಿನಲ್ಲಿ, 1952ರ ಅಕ್ಟೋಬರ್ 1ರಂದು, ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಫಿಲ್ಹಾರ್ಮೋನಿಯ ವೃಂದವನ್ನು ನಡೆಸಿದ ಕಛೇರಿ. ಆ ವೃಂದವನ್ನು 1945ರಲ್ಲಿ ಕಟ್ಟಿದವನು ವಾಲ್ಟರ್ ಲೆಗ್. ಯುದ್ಧಾನಂತರದ ಬಡತನದಲ್ಲಿ ಅದು ತೆವಳುತ್ತಿದ್ದಾಗ ಧನಸಹಾಯ ಮಾಡಿದವರು ನಮ್ಮ ಮೈಸೂರಿನ ಶ್ರೀ ಜಯಚಾಮರಾಜ ಒಡೆಯರು. 1948ರಲ್ಲಿ ಆ ವೃಂದದ ಕಛೇರಿ ಸಂಸ್ಥೆಗೆ ಮೊದಲ ಅಧ್ಯಕ್ಷರಾದವರೂ ಅವರೇ. ಶ್ರೀವಿದ್ಯಾ ಅಂಕಿತದಲ್ಲಿ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದ ಅದೇ ಮಹಾರಾಜರು, 1950ರಲ್ಲಿ ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತೆಗಳು ಲಂಡನ್ನಿನಲ್ಲಿ ಇದೇ ವೃಂದದಿಂದ, ಇದೇ ಫುರ್ಟ್‌ವೆಂಗ್ಲರನ ನಾಯಕತ್ವದಲ್ಲಿ ಮೊದಲ ಬಾರಿ ಕೇಳಿಬಂದಾಗ, ಅದರ ಖರ್ಚಿಗೆ ಹೊಣೆ ನಿಂತು ಮುದ್ರಿಕೆಯನ್ನು ಮೈಸೂರಿಗೆ ತರಿಸಿಕೊಂಡಿದ್ದರು. ದಸರೆಯಲ್ಲಿ ಅರಮನೆಯ ದೀಪ ನೋಡಿ ಬರುವ ನನಗೆ ಈ ಸಂಗತಿ ಮೂವತ್ತಾರು ವರ್ಷ ತಿಳಿದಿರಲಿಲ್ಲ.

ಟೊಸ್ಕನೀನಿ ಕಣ್ಣಿನ ಮಾಂದ್ಯದಿಂದ ಇಡೀ ಕೃತಿಯನ್ನು ನೆನಪಿನಿಂದಲೇ ನಡೆಸುತ್ತಿದ್ದವನು. ಮಂಜೂ ಇಲ್ಲ, ತೂಗಾಟವೂ ಇಲ್ಲ. ಬಿಗಿದ ಬಿಲ್ಲಿನ ಹೆದೆಯಂಥ ನಡೆ. ಆದರೆ ಪಿಟೀಲುಗಳು ಒಂದು ಕ್ಷಣವೂ ಹಾಡುವುದನ್ನು ಬಿಡುವುದಿಲ್ಲ. ಕೊನೆಯ ಭಾಗದಲ್ಲಿ ಒಂದು ವಿಚಿತ್ರ: ಯಾರೋ ಪುಂಡರು ಪಟಾಕಿ ಹಾರಿಸಿದ ಸದ್ದು ನಡುವೆ ಕೇಳುತ್ತದೆ! 2000ದಲ್ಲಿ ಈ ಕಛೇರಿಯ ಮುದ್ರಿಕೆ ಅಧಿಕೃತವಾಗಿ ಹೊರಬಂದಾಗಲೂ ಪಟಾಕಿ ಹಾಗೆಯೇ ಉಳಿಯಿತು. ಮುದುಕ ಮಾತ್ರ ಒಂದು ಮಾತ್ರೆಯೂ ಅಲುಗಲಿಲ್ಲ. ಹಿಂದಿನ ಬೆಂಚಿನಲ್ಲಿ ಪೆನ್ನು ಬಿದ್ದರೆ ಪಾಠದ ಎಳೆ ತಪ್ಪುವ ನನ್ನಂಥ ಅಧ್ಯಾಪಕರಿಗೆ ಇದೊಂದು ಪಾಠ.

ನಾಲ್ಕನೆಯದು ಅದೇ ಫಿಲ್ಹಾರ್ಮೋನಿಯ, ಆದರೆ ನಾಯಕ ಆಟೊ ಕ್ಲೆಂಪರರ್. 1939ರಲ್ಲಿ ಮಿದುಳಿನ ಗಡ್ಡೆಗೆ ಶಸ್ತ್ರಚಿಕಿತ್ಸೆಯಾಗಿ ಬಲಭಾಗ ಸ್ವಾಧೀನ ತಪ್ಪಿದ್ದ ಮನುಷ್ಯ. 1956-57ರಲ್ಲಿ ಇದನ್ನು ಮುದ್ರಿಸಿದಾಗ ಎಪ್ಪತ್ತು ದಾಟಿತ್ತು. ಪಿಟೀಲಿನವರ ಎರಡು ತಂಡಗಳನ್ನು ಎಡಕ್ಕೊಂದು ಬಲಕ್ಕೊಂದು ಕೂರಿಸುವುದು ಈತನ ಹಳೆಯ ಪದ್ಧತಿ. ಅದರಿಂದ ಎರಡೂ ತಂಡಗಳು ಪ್ರಶ್ನೋತ್ತರ ನಡೆಸಿದಂತೆ ಕೇಳುತ್ತದೆ. ಕಲ್ಲು ಕಟ್ಟಡದ ಹಾಗೆ ಒಂದರ ಮೇಲೊಂದು ದಿಮ್ಮಿ. ನಡುವೆ ಗಾರೆಯೇ ಕಾಣದು. ಐದನೆಯದು ಬ್ರೂನೊ ವಾಲ್ಟರ್, 1959, ಕ್ಯಾಲಿಫೋರ್ನಿಯ. ಹೃದಯಾಘಾತದಿಂದ ಎದ್ದ ಎಂಬತ್ತೆರಡು ವರ್ಷದ ಮುದುಕನನ್ನು ದೂರ ಅಲೆಸಬಾರದೆಂದು ಆತನ ಮನೆಯ ಸಮೀಪದಲ್ಲಿಯೇ ವಾದ್ಯಗಾರರನ್ನು ಕೂಡಿಸಿ ಮಾಡಿದ ಮುದ್ರಣವದು. ಇಲ್ಲಿ ಹುಳಿಚೆರ್ರಿಯೂ ಹಣ್ಣಾಗಿದೆ. ನಾಲ್ಕನೆಯ ಭಾಗವನ್ನು ಕೆಲವರು ಒಂಬತ್ತು ಚಿಲ್ಲರೆ ನಿಮಿಷದಲ್ಲಿ ಮುಗಿಸಿದರೆ, ಈತನಿಗೆ ಹನ್ನೊಂದರ ಹತ್ತಿರ ಬೇಕು. ಆ ಒಂಟಿ ಕೊಳಲು ಈತನ ಕೈಯಲ್ಲಿ ಅಳುವುದಿಲ್ಲ. ಅತ್ತು ಮುಗಿಸಿದ ಮೇಲೆ ಬರುವ ಶಾಂತಿಯಲ್ಲಿ ಮಾತಾಡುತ್ತದೆ. ರಾಯರಿಗೆ ಇದೇ ಅಚ್ಚುಮೆಚ್ಚು.

ಆರನೆಯದು ಕಾರ್ಲೊಸ್ ಕ್ಲೈಬರ್ 1980ರಲ್ಲಿ ವಿಯೆನ್ನಾದ ಫಿಲ್ಹಾರ್ಮೋನಿಕ್ ವೃಂದದಿಂದ ನುಡಿಸಿದ್ದು. ಜೀವಮಾನದಲ್ಲಿ ಬೆರಳೆಣಿಕೆಯ ಮುದ್ರಿಕೆಗಳನ್ನು ಮಾತ್ರ ಮಾಡಿದ ಸಂಕೋಚದ ಮನುಷ್ಯ. ಮಾಡಿದ್ದರಲ್ಲಿ ಒಂದು ಎಳೆಯೂ ಸಡಿಲವಿಲ್ಲ. ಏಳನೆಯದರಲ್ಲಿ ಚಾರ್ಲ್ಸ್ ಮ್ಯಾಕೆರಸ್ ಬೇರೊಂದು ದಾರಿ ಹಿಡಿದ. ಮೈನಿಂಗನ್ನಿನ ಆಸ್ಥಾನವೃಂದದಲ್ಲಿದ್ದವರು ಸುಮಾರು ಐವತ್ತೇ ಜನ. ನಾವೇಕೆ ನೂರು ಜನರನ್ನು ಕೂರಿಸಬೇಕು ಎಂದು, 1997ರಲ್ಲಿ ಸ್ಕಾಟ್ಲೆಂಡಿನ ಒಂದು ಚಿಕ್ಕ ವೃಂದವನ್ನು ಆರಿಸಿಕೊಂಡ. ಮೈನಿಂಗನ್ನಿನಲ್ಲಿ ಮುಂದೆ ನಾಯಕನಾದ ಸ್ಟೈನ್‌ಬಾಖ್ ಈ ಸಿಂಫನಿಗಳನ್ನು ಹೇಗೆ ನಡೆಸುತ್ತಿದ್ದ ಎಂಬುದನ್ನು ಆತನ ಶಿಷ್ಯ ಬ್ಲೂಮ 1933ರಲ್ಲಿ ಬರೆದು ಪ್ರಕಟಿಸಿದ್ದ ಟಿಪ್ಪಣಿಗಳನ್ನೂ ಗಮನಿಸಿದ. ಪರಿಣಾಮವಾಗಿ, ದೊಡ್ಡ ವೃಂದಗಳ ಪಿಟೀಲಿನ ಪ್ರವಾಹದಲ್ಲಿ ಮುಳುಗಿಹೋಗಿದ್ದ ಊದುವಾದ್ಯಗಳು ಇಲ್ಲಿ ಒಂದೊಂದಾಗಿ ತಲೆಯೆತ್ತಿ ಉಸಿರಾಡುತ್ತವೆ.

ಏಳನ್ನೂ ಕೇಳಿ ಮುಗಿಸುವ ಹೊತ್ತಿಗೆ ಹದಿನೈದು ದಿನ ಕಳೆದಿತ್ತು. ಅಧ್ಯಾಪಕನ ಚಾಳಿ, ಪರೀಕ್ಷಕನಂತೆ ಅಂಕ ಹಾಕತೊಡಗಿದ್ದೆ. ಇವುಗಳಲ್ಲಿ ಸರಿಯಾದುದು ಯಾವುದು? ಬ್ರಾಮ್ಸ್ ತಾನೇ ನಡೆಸಿದ್ದು ದೊರೆತಿದ್ದರೆ ಉಳಿದವನ್ನು ಅದರ ಪಕ್ಕದಲ್ಲಿಟ್ಟು ತಿದ್ದಬಹುದಾಗಿತ್ತು. ರಾಯರನ್ನು ಕೇಳಿದೆ. 1889ರಲ್ಲಿ ಎಡಿಸನ್ನನ ಯಂತ್ರದ ಮುಂದೆ ಬ್ರಾಮ್ಸ್ ಪಿಯಾನೋ ನುಡಿಸಿದ್ದು ಒಂದಿಷ್ಟು ಉಳಿದಿದೆ, ಮಳೆಯಲ್ಲಿ ಯಾರೋ ದೂರದಲ್ಲಿ ಬಾಗಿಲು ತಟ್ಟಿದ ಹಾಗೆ ಕೇಳುತ್ತದೆ, ಅಷ್ಟೇ, ಎಂದರು. "ಆದರೆ ಮೇಷ್ಟ್ರೇ, ಬ್ರಾಮ್ಸ್ ಏನೆಂದು ಬರೆದಿದ್ದಾನೆ ಗೊತ್ತೆ?" ಎಂದು ಮುಂದುವರಿಸಿದರು.

ಆತನ ಸ್ನೇಹಿತ ಯೋವಾಖಿಮ್ 1886ರಲ್ಲಿ ಬರ್ಲಿನ್ನಿನಲ್ಲಿ ಈ ಸಿಂಫನಿಯನ್ನು ನಡೆಸಲು ಸಿದ್ಧನಾಗುತ್ತಿದ್ದ. ಬ್ರಾಮ್ಸ್ ಅವನಿಗೆ ಬರೆದ ಕಾಗದದ ತಾತ್ಪರ್ಯ ಹೀಗೆ: ವೇಗವನ್ನು ಅಲ್ಲಲ್ಲಿ ಹೆಚ್ಚು ಕಡಮೆ ಮಾಡುವ ಬಗೆಗೆ ನಾನು ಪೆನ್ಸಿಲಿನಲ್ಲಿ ಕೆಲವು ಗುರುತು ಹಾಕಿದ್ದೇನೆ, ಮೊದಲ ಪ್ರಯೋಗಗಳಿಗೆ ಅವು ಉಪಯುಕ್ತ, ಕೃತಿ ವಾದ್ಯಗಾರರ ಮೈಗೆ ಹತ್ತಿದ ಮೇಲೆ ಅವುಗಳ ಅಗತ್ಯವಿಲ್ಲ. ಅಚ್ಚಾದ ಪ್ರತಿಯಲ್ಲಿ ಆ ಗುರುತುಗಳನ್ನು ಆತ ಸೇರಿಸಲಿಲ್ಲ. ನಿಮಿಷಕ್ಕೆ ಇಷ್ಟು ಮಾತ್ರೆ ಎಂದು ಯಂತ್ರದಿಂದ ಅಳೆದು ಬರೆಯುವ ಪದ್ಧತಿ ಆಗಲೇ ಇತ್ತು. ಈ ಸಿಂಫನಿಗೆ ಅಂಥ ಅಳತೆಯನ್ನೂ ಕೊಡಲಿಲ್ಲ. ತನ್ನ ರಕ್ತಕ್ಕೂ ಯಂತ್ರಕ್ಕೂ ಹೊಂದಿಕೆಯಾಗದು ಎಂಬುದು ಆತನ ಅಭಿಪ್ರಾಯವಾಗಿತ್ತಂತೆ.

ಕೇಳಿ ನಾನು ಸುಮ್ಮನಾದೆ. ಹೇಳಿಕೊಡಬೇಕಾದಷ್ಟನ್ನು ಹೇಳಿಕೊಟ್ಟು ತನ್ನ ಪೆನ್ಸಿಲ್ ಗುರುತನ್ನು ತಾನೇ ಅಳಿಸಿದ ಆ ಗಡ್ಡದ ಮುದುಕನೆಲ್ಲಿ! ಗುರುಗಳ ಪೆನ್ಸಿಲ್ ಗುರುತನ್ನು ಶಾಸನವೆಂದು ತಿಳಿದು, ಒಬ್ಬ ಹುಡುಗಿಯನ್ನು ತರಗತಿಯ ನಗೆಗೆ ಗುರಿಮಾಡಿದ ನಾನೆಲ್ಲಿ!

ಕ್ಲೈಬರನ ತಟ್ಟೆಯ ಬಗ್ಗೆ ಇನ್ನೊಂದು ಮಾತನ್ನು ರಾಯರು ಹೇಳಿದರು. ಅದು ಮುದ್ರಣವಾದುದು ವಿಯೆನ್ನಾದ ಮುಸೀಕ್‌ಫೆರಾಯಿನ್ ಎಂಬ ಸಂಗೀತಮಂದಿರದಲ್ಲಿ. 1897ರ ಮಾರ್ಚ್ 7ರಂದು ಅದೇ ಮಂದಿರದಲ್ಲಿ, ಅದೇ ವೃಂದ, ಹಾನ್ಸ್ ರಿಕ್ಟರ್ ಎಂಬ ನಾಯಕನ ಕೈಕೆಳಗೆ ಇದೇ ಸಿಂಫನಿಯನ್ನು ನುಡಿಸಿತು. ಬ್ರಾಮ್ಸ್ ಬಂದಿದ್ದ. ಯಕೃತ್ತಿನ ರೋಗದಿಂದ ಮೈ ಹಳದಿಗಟ್ಟಿ, ಇಳಿದುಹೋಗಿ, ಗುರುತು ಸಿಕ್ಕದಂತಾಗಿದ್ದ. ಮೊದಲ ಭಾಗ ಮುಗಿಯುತ್ತಲೇ ಚಪ್ಪಾಳೆಯ ಮಳೆ. ಜನರಿಗೆ ಕಾಣುವಂತೆ ಆತ ಎದ್ದು ಬಂದು ನಿಲ್ಲುವವರೆಗೂ ಅದು ನಿಲ್ಲಲಿಲ್ಲ. ಒಂದೊಂದು ಭಾಗ ಮುಗಿದಾಗಲೂ ಹಾಗೆಯೇ. ನಾಲ್ಕನೆಯದೂ ಮುಗಿದಾಗ ಆತನ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಜನರಿಗೂ ತಿಳಿದಿತ್ತು, ಆತನಿಗೂ ತಿಳಿದಿತ್ತು. ಏಪ್ರಿಲ್ 3ರಂದು ಬ್ರಾಮ್ಸ್ ತೀರಿಕೊಂಡ.

ರಿಕ್ಟರನ ಆ ದಿನದ ವೇಗ ಎಷ್ಟಿತ್ತು, ಮೊದಲ ಸ್ವರವನ್ನು ತೂಗಿಸಿದನೋ ಇಲ್ಲವೋ, ಇದಾವುದಕ್ಕೂ ತಟ್ಟೆಯಿಲ್ಲ. ಬ್ರಾಮ್ಸ್ ಅಳುವ ಮುನ್ನ ಅದನ್ನು ಪರೀಕ್ಷಿಸಿದಂತೆ ಕಾಣುವುದಿಲ್ಲ. ಆತ ಬರೆದದ್ದು ಹನ್ನೆರಡು ವರ್ಷದ ಮೇಲೆ ಇನ್ನೊಬ್ಬರ ಉಸಿರಿನಲ್ಲಿ ಬದುಕಿ ತನ್ನೆದುರಿಗೆ ಬಂದು ನಿಂತಿತ್ತು.

ಮರುದಿನ ತರಗತಿಗೆ ಹೋದವನೇ ಆ ಹುಡುಗಿಯನ್ನು ಮತ್ತೆ ಎಬ್ಬಿಸಿದೆ. "ಅಂದು ನಿನ್ನನ್ನು ಅರ್ಧದಲ್ಲಿ ತಡೆದದ್ದು ನನ್ನ ತಪ್ಪು. ಆ ಪದ್ಯಗಳನ್ನು ನಿನ್ನ ರೀತಿಯಲ್ಲಿಯೇ ಪೂರ್ತಿ ಓದಮ್ಮ" ಎಂದೆ. ಅವಳು ಗಾಬರಿಯಾದಳು. "ನನ್ನ ರೀತಿ ಅಂತ ಏನೂ ಇಲ್ಲ ಸಾರ್. ಹಳಗನ್ನಡದ ಸಂಧಿ ಬಿಡಿಸೋದು ಕಷ್ಟವಾಯಿತು, ಅದಕ್ಕೇ ನಿಧಾನ" ಎಂದಳು. ತರಗತಿ ಮತ್ತೆ ನಕ್ಕಿತು. ಈ ಸಲ ನಗೆ ನನ್ನ ಪಾಲಿಗೆ ಬಂದಿತು, ನಾನೂ ನಕ್ಕೆ.

ಆದರೂ ಅವಳು ಓದಿದಳು. ನಾನು ಕಿಟಕಿಯ ಪಕ್ಕದಲ್ಲಿ ನಿಂತು ಕೇಳಿದೆ. ಪದಕ್ಕೂ ಪದಕ್ಕೂ ನಡುವೆ ಅವಳು ತಡವರಿಸಿದ ಎಡೆಗಳಲ್ಲಿ, ಹತ್ತು ವರ್ಷ ನನ್ನ ಗರ್ಜನೆಯ ಕೆಳಗೆ ಹೂತುಹೋಗಿದ್ದುದೊಂದು ಕೇಳಿಸಿತು: ಸ್ನೇಹಿತನ ಶವದ ಮುಂದೆ ನಿಂತವನಿಗೆ ಮಾತು ಸರಾಗವಾಗಿ ಬರುವುದಿಲ್ಲ. ಚಕ್ರವರ್ತಿಯಾದರೂ ಬರುವುದಿಲ್ಲ. ಅವಳು ಅದನ್ನು ಉದ್ದೇಶಿಸಿದ್ದಳೋ ಇಲ್ಲವೋ, ಅದು ರನ್ನನಲ್ಲಿ ಇತ್ತು. ವೈನ್‌ಗಾರ್ಟ್ನರನಿಗೆ ನಾಲ್ಕು ನಿಮಿಷದ ತಟ್ಟೆ, ಬರ್ಲಿನ್ನಿನವರಿಗೆ ಬಾಂಬು, ವಾಲ್ಟರನಿಗೆ ಎಂಬತ್ತೆರಡು ವರ್ಷದ ದಣಿದ ಹೃದಯ, ಈ ಹುಡುಗಿಗೆ ಸಂಧಿ. ಯಾವ ಬಾಗಿಲಿನಿಂದ ಹೋದರೇನು, ಒಳಗೆ ಇದ್ದುದೇ ಕಂಡಿತು. ನನ್ನ ಗುರುಗಳ ಗರ್ಜನೆಯೂ ಸುಳ್ಳಲ್ಲ. ಅದೂ ಅಲ್ಲಿ ಇದೆ. ಅದೊಂದೇ ಇದೆ ಎಂದು ನಾನು ತಿಳಿದದ್ದು ಸುಳ್ಳು.

ಮನೆಗೆ ಬಂದು ಇದನ್ನೆಲ್ಲ ಮಡದಿಗೆ ವಿಸ್ತಾರವಾಗಿ ವಿವರಿಸಿದೆ. ಅವಳು ತರಕಾರಿ ಹೆಚ್ಚುತ್ತ ಕೇಳಿದಳು. ಮುಗಿದ ಮೇಲೆ, "ಅದಕ್ಕೇ ನಿಮ್ಮ ತಾಯಿ ಮಾಡಿದ ಸಾರು, ನಾನು ಮಾಡಿದ ಸಾರು ಎರಡನ್ನೂ ಪಕ್ಕಪಕ್ಕ ಇಟ್ಟು ಅಂಕ ಹಾಕಬೇಡಿ ಅಂತ ನಾನು ಎಂಟು ವರ್ಷದಿಂದ ಹೇಳುತ್ತಿರುವುದು" ಎಂದಳು. ಇಷ್ಟು ತಿಳಿಯಲು ನನಗೆ ಏಳು ತಟ್ಟ ಬೇಕಾಯಿತು.

ತಟ್ಟೆಗಳನ್ನು ಕಟ್ಟಿ ರಾಯರ ಮನೆಗೆ ಹೊರಟೆ. ಹಿಂದಿನಿಂದ ಕರೆದಳು.

"ಆ ಪಟಾಕಿ ತಟ್ಟೆ ಒಂದು ಇಟ್ಟು ಹೋಗಿ. ಇನ್ನೊಂದು ಸಲ ಕೇಳಬೇಕು."